ಹಳೆ ಬುಲೆಟ್‌ಗೆ ಪಾಯಿಂಟ್ ಸಾಕಾ, ಎಲೆಕ್ಟ್ರಾನಿಕ್ ಬೇಕಾ?

ಹಳೆ ಬುಲೆಟ್ ಇಟ್ಟುಕೊಂಡ ಇಬ್ಬರು ದಾವಣಗೆರೆಯ ಯಾವ ಟೀ ಅಂಗಡಿ ಮುಂದೆ ಸೇರಿದರೂ ಮಾತು ಮೈಲೇಜ್‌ನಿಂದ ಶುರುವಾಗಿ ಪಾಯಿಂಟ್‌ಗೆ, ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್‌ಗೆ, ಬಂದು ನಿಲ್ಲುತ್ತದೆ. ‘ಅದನ್ನ ಕಿತ್ತು ಎಲೆಕ್ಟ್ರಾನಿಕ್ ಹಾಕಿಸಿಬಿಡಿ, ತಲೆನೋವೇ ಇರಲ್ಲ’ ಅಂತ ಒಬ್ಬರು. ‘ಆ ಡಬ್ಬಿ ಕೈಕೊಟ್ಟರೆ ಊರವರೆಗೂ ತಳ್ಳಿಕೊಂಡು ಬರಬೇಕು’ ಅಂತ ಇನ್ನೊಬ್ಬರು. ಇಬ್ಬರ ಮಾತೂ ನಿಜವೇ.

ನನ್ನದು ಎರಕದ ಕಬ್ಬಿಣದ ಎಂಜಿನ್‌ನ 350, 12 ವೋಲ್ಟ್ ಗಾಡಿ. ಇದರಲ್ಲಿ ಮೂರೂ ಬಗೆ ಹಾಕಿ ಓಡಿಸಿದ್ದೇನೆ. ಒಂದು, ಹೊಸ ಪಾಯಿಂಟ್ ಮತ್ತು ಕಂಡೆನ್ಸರ್. ಇನ್ನೊಂದು, ಪಾಯಿಂಟ್ ಹಾಗೇ ಉಳಿಸಿಕೊಂಡು ಅದಕ್ಕೆ ಜೋಡಿಸುವ ಟ್ರಾನ್ಸಿಸ್ಟರ್ ಬಾಕ್ಸ್. ಮತ್ತೊಂದು, ಪಾಯಿಂಟನ್ನೇ ತೆಗೆದು ಹಾಕುವ ಪೂರ್ತಿ ಎಲೆಕ್ಟ್ರಾನಿಕ್ ಕಿಟ್. ಕಾರ್ಬ್ಯುರೇಟರ್ ಅದೇ, ಕಾಯಿಲ್ ಅದೇ. ರಸ್ತೆಗಳೂ ಅವೇ: ಊರೊಳಗೆ ಪಿ.ಬಿ. ರೋಡ್, ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ, ಸಂತೇಬೆನ್ನೂರಿನ ಮೇಲೆ ಸೂಳೆಕೆರೆ. ಏರು ಬೇಕೆನಿಸಿದರೆ ಜೋಗಿಮಟ್ಟಿ ಇದ್ದೇ ಇದೆ.

ಪಾಯಿಂಟ್ ಮಾಡುವ ಕೆಲಸ ಒಂದು ಸ್ವಿಚ್‌ನದು, ಅಷ್ಟೇ. ಮುಚ್ಚಿದಾಗ ಕಾಯಿಲ್‌ನಲ್ಲಿ ಮೂರು ನಾಲ್ಕು ಆಂಪಿಯರ್ ಕರೆಂಟ್ ಹರಿಯುತ್ತದೆ. ತೆರೆದ ಕ್ಷಣ ಆ ಕರೆಂಟ್ ಕಡಿದು, ಕಾಯಿಲ್‌ನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಆ ಹೊತ್ತಿಗೆ ಪಾಯಿಂಟ್ ನಡುವೆಯೇ ಜೋರು ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರ್. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ನೂರು ವರ್ಷಕ್ಕೂ ಹಿಂದೆ ಕಾರುಗಳಿಗೆ ಮಾಡಿದ ಏರ್ಪಾಡು ಇದು. ಬುಲೆಟ್‌ನಲ್ಲಿ 2000ದ ದಶಕದವರೆಗೂ ಬಂತು ಅಂದರೆ ಕೆಟ್ಟದ್ದಲ್ಲ ಅಂತ ಅರ್ಥ ಅಲ್ವಾ?

ಕೆಟ್ಟದ್ದಲ್ಲ, ಆದರೆ ಆರೈಕೆ ಜಾಸ್ತಿ ಬೇಡುತ್ತದೆ. ಪಾಯಿಂಟ್ ತೆರೆದಾಗಿನ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಒಳಗಿರಬೇಕು. ಪಾಯಿಂಟ್‌ನ ಹಿಮ್ಮಡಿ ಅದನ್ನು ತೆರೆಯುವ ಉಬ್ಬು, ಅಂದರೆ ಕ್ಯಾಮ್ ಮೇಲೆ ಉಜ್ಜಿ ಸವೆಯುತ್ತಾ ಹೋದಂತೆ ಗ್ಯಾಪ್ ಕಡಿಮೆಯಾಗುತ್ತದೆ, ಜೊತೆಗೆ ಟೈಮಿಂಗೂ ಹಿಂದೆ ಸರಿಯುತ್ತದೆ, ಅಂದರೆ ಕಿಡಿ ತಡವಾಗಿ ಹಾರುತ್ತದೆ. ದಿನಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ದಿನ ಚಿತ್ರದುರ್ಗದ ಕೋಟೆ ಕಡೆಯ ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ ಅನಿಸಿದಾಗ ಕಾರ್ಬ್ಯುರೇಟರ್ ಬಿಚ್ಚಿ ಕೂರುತ್ತಾರೆ.

ನಮ್ಮ ಕಡೆ ಪಾಯಿಂಟ್‌ಗಿಂತ ಹೆಚ್ಚು ಕಾಡುವುದು ಕಂಡೆನ್ಸರ್. ಏಪ್ರಿಲ್, ಮೇ ಬಿಸಿಲು, ಜೊತೆಗೆ ಎಂಜಿನ್ ಕಾವು. ಒಳಗಿನ ಇನ್ಸುಲೇಶನ್ ಕಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುತ್ತದೆ. ಹೆದ್ದಾರಿಯಲ್ಲಿ ಗಾಡಿ ನಿಲ್ಲುತ್ತದೆ, ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂತರೆ ಒಂದೇ ಕಿಕ್‌ಗೆ ಸ್ಟಾರ್ಟ್. ಮೆಕ್ಯಾನಿಕ್ ಮುಂದೆ ಯಾವ ತೊಂದರೆಯೂ ಇಲ್ಲ. ಇದಕ್ಕೆ ಸುಲಭದ ದಾರಿ ಇದೆ: ಕಂಡೆನ್ಸರನ್ನು ಪಾಯಿಂಟ್ ಕೂತಿರುವ ಡಿಸ್ಟ್ರಿಬ್ಯೂಟರ್ ಹತ್ತಿರದಿಂದ ತೆಗೆದು ಕಾಯಿಲ್ ಪಕ್ಕ, ಗಾಳಿ ಆಡುವ ಕಡೆ ಹಾಕಿಸುವುದು. ಕರೆಂಟ್ ದಾರಿ ಅದೇ, ಜಾಗ ಮಾತ್ರ ಬೇರೆ. ಇಷ್ಟು ಮಾಡಿದ ಮೇಲೆ ನನ್ನ ಗಾಡಿ ಬಿಸಿಲಲ್ಲಿ ನಿಲ್ಲುವುದು ನಿಂತಿತು.

ಪಾಯಿಂಟ್‌ನ ದೊಡ್ಡ ಗುಣ ಅಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಟೈಮಿಂಗ್ ಇಡಲು ಮಷಿನ್ ಬೇಡ. ಕೀಲಿ ಹಾಕಿ ಆಂಪ್ ಮೀಟರ್ ನೋಡಿದರೆ ಸಾಕು. ಪಾಯಿಂಟ್ ಮುಚ್ಚಿದ್ದರೆ ಮುಳ್ಳು ಮೈನಸ್ ಕಡೆ ವಾಲುತ್ತದೆ, ತೆರೆದ ಕೂಡಲೇ ನಡುವಿಗೆ ಬರುತ್ತದೆ. ಪಿಸ್ಟನ್ ಮೇಲಿನ ತುದಿಗೆ 0.8 ಮಿಲಿಮೀಟರ್ ಇರುವಾಗ ಆ ಮುಳ್ಳು ಮಿಸುಕಬೇಕು. ಬ್ಯಾಟರಿ ಅರ್ಧ ಸತ್ತಿದ್ದರೂ ತಳ್ಳಿ ಸ್ಟಾರ್ಟ್ ಮಾಡಬಹುದು. ಒಂದು ಸೆಟ್ ಪಾಯಿಂಟ್‌ಗೆ ಆಗುವುದು ಇಬ್ಬರು ಮಂಡಕ್ಕಿ ಮೆಣಸಿನಕಾಯಿ ತಿಂದು ಟೀ ಕುಡಿಯುವಷ್ಟು ಖರ್ಚು, ಸ್ವಲ್ಪ ಹೆಚ್ಚು ಕಡಿಮೆ.

ಟ್ರಾನ್ಸಿಸ್ಟರ್ ಬಾಕ್ಸ್ ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ. ಇದರಲ್ಲಿ ಕಾಯಿಲ್‌ನ ಭಾರದ ಕರೆಂಟನ್ನು ಕಡಿಯುವುದು ಟ್ರಾನ್ಸಿಸ್ಟರ್. ಪಾಯಿಂಟ್ ಬರೀ ಸನ್ನೆ ಕೊಡುತ್ತದೆ. ಅದರ ಮೂಲಕ ಹೋಗುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಮುಖ ಸುಡುವುದಿಲ್ಲ, ಗುಳಿ ಬೀಳುವುದಿಲ್ಲ. ಕಂಡೆನ್ಸರ್ ಕಾಟವೂ ಮುಗಿಯಿತು. ಕರೆಂಟ್ ಕಡಿಯುವುದು ಚುರುಕಾಗಿರುವುದರಿಂದ ಚಳಿಗಾಲದ ಬೆಳಗ್ಗೆ ಸ್ಟಾರ್ಟಿಂಗ್ ಸುಲಭವಾಯಿತು. ಮೇಲ್ವೇಗದಲ್ಲಿ ದೊಡ್ಡ ಬದಲಾವಣೆ ಏನೂ ಕಾಣಲಿಲ್ಲ.

ಇದರಲ್ಲೊಂದು ಸೂಕ್ಷ್ಮ ಇದೆ, ಮಾರುವವರು ಹೇಳುವುದಿಲ್ಲ. ಹಳೆ ಪದ್ಧತಿಯಲ್ಲಿ ಪಾಯಿಂಟ್ ಮೇಲೆ ಹಾರುವ ಸಣ್ಣ ಕಿಡಿಯೇ ಅದರ ಕೊಳೆಯನ್ನು ಸುಟ್ಟು ತೆಗೆಯುತ್ತಿತ್ತು. ಕರೆಂಟ್ ತೀರಾ ಕಡಿಮೆಯಾದರೆ ಎಣ್ಣೆಯ ಪೊರೆ, ಧೂಳು ಹಾಗೇ ಕೂರುತ್ತದೆ. ಮೆಕ್ಕೆಜೋಳದ ಕಾಲದಲ್ಲಿ ನಮ್ಮ ರಸ್ತೆಗಳ ಧೂಳು ಗೊತ್ತಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ಸರಿಯಾಗಿ ಕೂರದಿದ್ದರೆ ಮಿಸ್ಸಿಂಗ್ ಶುರು. ಸ್ವಚ್ಛ ಕಾಗದವನ್ನು ಪಾಯಿಂಟ್ ನಡುವೆ ಎಳೆದರೆ ಸರಿಹೋಗುತ್ತದೆ. ಕ್ಯಾಮ್‌ಗೆ ಗ್ರೀಸ್ ಹಚ್ಚುವಾಗ ಕೈ ಬಿಗಿ ಇರಲಿ, ಜಾಸ್ತಿಯಾದರೆ ಅದೂ ಹಾರಿ ಪಾಯಿಂಟ್ ಮೇಲೇ ಕೂರುತ್ತದೆ.

ಪೂರ್ತಿ ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಪಾಯಿಂಟ್ ಜಾಗಕ್ಕೆ ಮ್ಯಾಗ್ನೆಟ್ ಮತ್ತು ಅದು ಹಾದುಹೋಗುವುದನ್ನು ಗುರುತಿಸುವ ಪಿಕಪ್ ಬರುತ್ತವೆ. ಉಜ್ಜುವ ಭಾಗವೇ ಇಲ್ಲ. ಇಂಗ್ಲೆಂಡಿನ ಬಾಯರ್ ಬ್ರಾನ್ಸ್‌ಡೆನ್, ನ್ಯೂಜಿಲೆಂಡಿನ ಪಾಜಾನ್ ಹಳೆ ಬ್ರಿಟಿಷ್ ಬೈಕ್‌ಗಳಿಗೆ ಇಂಥವನ್ನು ಮಾಡುತ್ತವೆ. ನಾನು ಹಾಕಿಸಿದ್ದು ಅವಲ್ಲ, ಇಲ್ಲೇ ತಯಾರಾದದ್ದು. ಹೆಸರು ಬೇಡ.

ಮೊದಲ ದಿನವೇ ಗೊತ್ತಾಗುತ್ತದೆ. ಸ್ಲೋ ಎಷ್ಟು ಸಮ ಅಂದರೆ, ಸಿಗ್ನಲ್‌ನಲ್ಲಿ ನಿಂತಾಗ ಆಕ್ಸಿಲರೇಟರ್ ಮೇಲೆ ಕೈ ಇಡಬೇಕಾಗಿಲ್ಲ. ನಡುನಡುವೆ ಒಂದು ಬಡಿತ ತಪ್ಪಿ ಬರುವ ಆ ಹಳೆ ‘ಡುಗ್ ಡುಗ್’ ಸದ್ದು ಮಾತ್ರ ಹೋಯಿತು. ಸದ್ದಿಗಾಗಿಯೇ ಬುಲೆಟ್ ಇಟ್ಟವರು ಇದನ್ನು ಯೋಚಿಸಬೇಕು, ತಮಾಷೆಗೆ ಹೇಳುತ್ತಿಲ್ಲ. ಜೋಗಿಮಟ್ಟಿ ತಿರುವುಗಳಲ್ಲಿ ಮೂರನೇ ಗೇರ್‌ನಲ್ಲಿ ನಿಧಾನ ಹತ್ತುವಾಗ ಎಂಜಿನ್ ಕುಕ್ಕುವುದು ಬಹಳ ಕಡಿಮೆಯಾಯಿತು.

ಇದಕ್ಕೆ ಕಿಡಿಯ ಜೋರು ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ನನ್ನ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಷ್ ಸವೆದಿತ್ತು. ಶಾಫ್ಟ್ ಅಲುಗಾಡಿದರೆ ಪ್ರತಿ ಸುತ್ತಿಗೂ ಗ್ಯಾಪ್ ಬೇರೆ, ಟೈಮಿಂಗ್ ಬೇರೆ. ಅಡ್ವಾನ್ಸ್ ತೂಕಗಳ, ಅಂದರೆ ಎಂಜಿನ್ ವೇಗ ಏರಿದಂತೆ ಕಿಡಿ ಬೇಗ ಹಾರುವಂತೆ ಮಾಡುವ ತೂಕಗಳ ಸ್ಪ್ರಿಂಗೂ ಸಡಿಲ. ಪಿಕಪ್‌ಗೆ ಈ ಅಲುಗಾಟ ಪಾಯಿಂಟ್‌ನಷ್ಟು ತಟ್ಟುವುದಿಲ್ಲ. ಹಾಕಿಸಿದ ಕಿಟ್‌ನಲ್ಲಿ ಅಡ್ವಾನ್ಸ್ ಕೂಡ ಬಾಕ್ಸ್ ಒಳಗೇ ನಡೆಯುತ್ತದೆ. ಆಮೇಲೆ ಬುಷ್, ಸ್ಪ್ರಿಂಗ್ ಎರಡನ್ನೂ ಬದಲಿಸಿ ಮತ್ತೆ ಪಾಯಿಂಟ್ ಹಾಕಿ ನೋಡಿದೆ. ಎಲೆಕ್ಟ್ರಾನಿಕ್‌ಗೂ ಅದಕ್ಕೂ ಇದ್ದ ಅಂತರ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಯಿತು. ಕಿಟ್‌ಗೆ ದುಡ್ಡು ಹಾಕುವ ಮೊದಲು ಶಾಫ್ಟ್ ತುದಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಖರ್ಚೇ ಇಲ್ಲದ ಪರೀಕ್ಷೆ.

ಇನ್ನು ಕಿಟ್‌ನ ಕಷ್ಟಗಳು. ಬ್ಯಾಟರಿ ಚೆನ್ನಾಗಿರಲೇಬೇಕು. ವೋಲ್ಟೇಜ್ ಇಳಿದರೆ ಕೆಲವು ಬಾಕ್ಸ್‌ಗಳು ಹೊತ್ತಲ್ಲದ ಹೊತ್ತಲ್ಲಿ ಕಿಡಿ ಕೊಡುತ್ತವೆ. ಬುಲೆಟ್‌ನ ಕಿಕ್‌ಬ್ಯಾಕ್ ಕಾಲಿಗೆ ಹೇಗೆ ಬಡಿಯುತ್ತದೆ ಅಂತ ತಿಂದವರಿಗೇ ಗೊತ್ತು. ಮಾಮೂಲಿ ಪ್ಲಗ್ ಕ್ಯಾಪ್ ಸಾಲುವುದಿಲ್ಲ, 5 ಕಿಲೋ ಓಮ್ ರೆಸಿಸ್ಟರ್ ಇರುವ ಕ್ಯಾಪ್ ಹಾಕಬೇಕು. ಇಲ್ಲದಿದ್ದರೆ ಪ್ಲಗ್‌ನ ಗದ್ದಲ ಬಾಕ್ಸ್‌ಗೆ ತಿರುಗಿ ಬಂದು ಮಿಸ್ಸಿಂಗ್ ಆಗುತ್ತದೆ. ಕಾಯಿಲ್‌ನ ಓಮ್ ಬಾಕ್ಸ್‌ಗೆ ಹೊಂದಬೇಕು, ಕಡಿಮೆ ಓಮ್‌ನ ಕಾಯಿಲ್ ಹಾಕಿದರೆ ಟ್ರಾನ್ಸಿಸ್ಟರ್ ಸುಡುತ್ತದೆ.

ನನಗೆ ಬಂದ ಬಾಕ್ಸ್ ಒಂದು ಬೇಸಿಗೆ ಕಂಡಿತು, ಎರಡನೆಯದರಲ್ಲಿ ಭರಮಸಾಗರದ ಹತ್ತಿರ ಸತ್ತಿತು. ಮುನ್ಸೂಚನೆಯೇ ಇಲ್ಲ. ಒಳಗೆಲ್ಲ ಎಪಾಕ್ಸಿ ತುಂಬಿರುತ್ತದೆ, ಬಿಚ್ಚಿ ನೋಡುವ ಹಾಗೂ ಇಲ್ಲ. ಅಲ್ಲಿನ ಮೆಕ್ಯಾನಿಕ್ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೈಗೆ ಕೊಟ್ಟ. ಗಾಡಿ ಈರುಳ್ಳಿ ಇಳಿಸಿ ಬರುತ್ತಿದ್ದ ಟೆಂಪೋದಲ್ಲಿ ಊರಿಗೆ ಬಂತು. ಮಾರಿದವರು ‘ಗ್ಯಾರಂಟಿ ಮುಗಿದಿದೆ’ ಅಂದರು.

ಈಗ ನನ್ನ ಗಾಡಿಯಲ್ಲಿರುವುದು ಹೊಸ ಬುಷ್, ಹೊಸ ಸ್ಪ್ರಿಂಗ್, ಪಾಯಿಂಟ್, ಅದರ ಜೊತೆ ಟ್ರಾನ್ಸಿಸ್ಟರ್ ಬಾಕ್ಸ್. ಬಾಕ್ಸ್ ಸತ್ತರೆ ಎರಡು ಕನೆಕ್ಟರ್ ಬದಲಿಸಿ ಕಂಡೆನ್ಸರ್ ವೈರ್ ಸೇರಿಸಿದರೆ ಹಳೆ ಪದ್ಧತಿಗೆ ಗಾಡಿ ಮತ್ತೆ ಹೊರಡುತ್ತದೆ. ಆ ಕಂಡೆನ್ಸರನ್ನು ಮೊದಲೇ ಕಾಯಿಲ್ ಪಕ್ಕ ಕಟ್ಟಿಟ್ಟಿದ್ದೇನೆ. ಪೂರ್ತಿ ಕಿಟ್‌ನ ಸಮವಾದ ಸ್ಲೋ ಇದರಲ್ಲಿಲ್ಲ, ಒಪ್ಪುತ್ತೇನೆ. ಊರೊಳಗೆ ಮಾತ್ರ ಓಡಿಸುವವರಿಗೆ, ಪಾಯಿಂಟ್ ಕಂಡರೆ ಆಗದವರಿಗೆ ಕಿಟ್ಟೇ ವಾಸಿ. ಆದರೆ ಗುಣಮಟ್ಟದ್ದು ತೆಗೆದುಕೊಳ್ಳಿ, ಬಾಕ್ಸನ್ನು ಟೂಲ್ ಬಾಕ್ಸ್ ಒಳಗೆ ತುರುಕದೆ ಗಾಳಿ ತಾಗುವ ಕಡೆ ಕೂರಿಸಿ.

6 ವೋಲ್ಟ್‌ನ ಇನ್ನೂ ಹಳೆ ಗಾಡಿ ಇರುವವರು ಈ ಲೆಕ್ಕಕ್ಕೆ ಬರುವುದಿಲ್ಲ. ಮಾರುಕಟ್ಟೆಯ ಬಹುಪಾಲು ಬಾಕ್ಸ್‌ಗಳು 12 ವೋಲ್ಟ್‌ಗೆ ಮಾಡಿದವು. ಆ ಹಳೆ ಗಾಡಿಗಳಲ್ಲಿ ಕೆಲವಕ್ಕೆ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ ಸೇರಿರುವುದು) ಬೇರೆ, ತಿರುವುಮುರುವಾಗಿ ಕೊಟ್ಟರೆ ಬಾಕ್ಸ್ ಅಲ್ಲೇ ಸುಟ್ಟುಹೋಗುತ್ತದೆ. ಅವರು ಒಳ್ಳೆ ಪಾಯಿಂಟ್ ಹಾಕಿಸಿ, ಕಂಡೆನ್ಸರ್ ಜಾಗ ಬದಲಿಸಿ, ಬುಷ್ ಸರಿಮಾಡಿಸಿಕೊಂಡರೆ ಸಾಕು.