ಕೆರೆ, ಉದ್ಯಾನ, ಜಲಪಾತ: ಯೇರ್ಕಾಡ್ ಮತ್ತು ಕೊಡೈಕೆನಾಲ್

ದಂಡೆಯ ಮೇಲೆ ಉದ್ಯಾನವಿರುವ ಒಂದು ಕೆರೆ, ಆ ಕೆರೆ ಕೋಡಿ ಬಿದ್ದಾಗ ಹರಿದ ನೀರೇ ಮುಂದೆ ಧುಮುಕುವ ಒಂದು ಜಲಪಾತ: ಬೆಂಗಳೂರಿನಿಂದ ರಸ್ತೆಯಲ್ಲಿ ಹೋಗಬಹುದಾದ ಗಿರಿಧಾಮಗಳಲ್ಲಿ ಇಂಥ ಜೋಡಣೆಯನ್ನು ನಾನು ಕಂಡದ್ದು ತಮಿಳುನಾಡಿನ ಎರಡು ಕಡೆ. ಸೇಲಂ ಮೇಲಿನ ಶೇರ್ವರಾಯನ್ ಬೆಟ್ಟಗಳ ಯೇರ್ಕಾಡ್ ಒಂದು, ಪಳನಿ ಬೆಟ್ಟಗಳ ಕೊಡೈಕೆನಾಲ್ ಇನ್ನೊಂದು. ಎರಡನ್ನೂ ಬೇಸಿಗೆಯಲ್ಲಿಯೂ ಮಳೆಗಾಲ ಕಳೆದ ಮೇಲೆಯೂ ನೋಡಿದ್ದೇನೆ.

ಉದ್ಯಾನವೇ ಮುಖ್ಯವೆನ್ನುವವರು ಕೊಡೈಕೆನಾಲ್‌ಗೆ ಹೋಗಬೇಕು. 1863ರಲ್ಲಿ ಬ್ರಿಟಿಷ್ ಅಧಿಕಾರಿ ವೆರ್ ಹೆನ್ರಿ ಲೆವಿಂಜ್ ಮುತುವರ್ಜಿಯಿಂದ ಕಟ್ಟಿಸಿದ ನಕ್ಷತ್ರಾಕಾರದ ಕೆರೆಯ ಸುತ್ತ ಸುಮಾರು 5 ಕಿಲೋಮೀಟರ್ ರಸ್ತೆಯಿದ್ದು, ಅದರ ಪೂರ್ವಕ್ಕೆ ಬ್ರಯಾಂಟ್ ಪಾರ್ಕ್ ಇದೆ. ಅಲ್ಲಿನ ಗುಲಾಬಿಗಳನ್ನೂ ಗಾಜಿನ ಮನೆಯ ಗಿಡಗಳನ್ನೂ ನೋಡುತ್ತಾ ಒಂದು ಬೆಳಗನ್ನು ನಿಶ್ಚಿಂತೆಯಿಂದ ಕಳೆಯಬಹುದು. ಯೇರ್ಕಾಡಿನ ಕೆರೆಯೂ ಅದರ ಪಕ್ಕದ ಅಣ್ಣಾ ಪಾರ್ಕೂ ಇದರ ಮುಂದೆ ಬಹಳ ಚಿಕ್ಕವು. ಆದರೆ ಪುಟ್ಟ ಮಕ್ಕಳಿರುವ ಕುಟುಂಬಕ್ಕೆ ಆ ಚಿಕ್ಕತನವೇ ಅನುಕೂಲ. ದೋಣಿವಿಹಾರ ಮುಗಿಸಿದವರು ದಣಿಯದೆ ಉದ್ಯಾನಕ್ಕೆ ಬಂದು ಕೂರಬಹುದು.

ಜಲಪಾತದ ವಿಷಯದಲ್ಲಿ ನನ್ನ ಒಲವು ಪೂರ್ತಿಯಾಗಿ ಯೇರ್ಕಾಡಿನ ಕಡೆಗಿದೆ. ಕೊಡೈಕೆನಾಲ್‌ನ ಸಿಲ್ವರ್ ಕ್ಯಾಸ್ಕೇಡ್ ಊರಿಗೆ ಸುಮಾರು 8 ಕಿಲೋಮೀಟರ್ ಮೊದಲೇ, ಘಾಟಿಯ ರಸ್ತೆಯ ಅಂಚಿನಲ್ಲಿ, ಸುಮಾರು 180 ಅಡಿ ಎತ್ತರದಿಂದ ಬೀಳುತ್ತದೆ. ವಾಹನದಿಂದ ಇಳಿದರೆ ಸಾಕು, ಜಲಪಾತ ಎದುರಿಗಿರುತ್ತದೆ. ಮಂಡಿನೋವಿನ ಹಿರಿಯರಿಗೆ ಇದು ದೊಡ್ಡ ಉಪಕಾರವೆಂಬುದನ್ನು ಒಪ್ಪುತ್ತೇನೆ. ಆದರೆ ಅಂಗಡಿಗಳು, ನಿಂತ ಬಸ್ಸುಗಳು, ಕೈಯಲ್ಲಿನ ತಿಂಡಿಗೆ ಎರಗುವ ಮಂಗಗಳ ನಡುವೆ ನೀರಿನ ಸದ್ದು ಕೇಳಿಸುವುದೇ ಕಷ್ಟ. ಬಂಡೆಗಳ ಸಂದಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡಿರುವುದನ್ನು ಕಂಡು ನನಗೆ ನಿಜವಾಗಿಯೂ ನೋವಾಯಿತು.

ಕಿಳಿಯೂರು ಜಲಪಾತ ಹಾಗಲ್ಲ. ಯೇರ್ಕಾಡ್ ಕೆರೆಯಿಂದ ಸುಮಾರು 3 ಕಿಲೋಮೀಟರ್ ಸಾಗಿದ ಮೇಲೆ ಕಡಿದಾದ ಇಳಿಜಾರಿನಲ್ಲಿ ಮೆಟ್ಟಿಲಿಳಿದು ಹೋಗಬೇಕು. ಇಳಿಯುತ್ತಿದ್ದಂತೆ ಮರಗಳ ಆಚೆಯಿಂದ ಸದ್ದು ಮೊದಲು ಬರುತ್ತದೆ, ನೀರು ಆಮೇಲೆ ಕಾಣುತ್ತದೆ. ಮೇಲೆ ದೋಣಿಯಲ್ಲಿ ಕುಳಿತಾಗ ಅಲುಗದಂತಿದ್ದ ಕೆರೆಯ ನೀರೇ ಇಲ್ಲಿ ಸುಮಾರು 300 ಅಡಿ ಆಳದ ಕಣಿವೆಗೆ ಬೀಳುತ್ತಿದೆ ಎಂದು ತಿಳಿದು ನೋಡುವಾಗ, ಕೆರೆಯನ್ನು ನೋಡಿದ್ದಕ್ಕೂ ಒಂದು ಅರ್ಥ ಬರುತ್ತದೆ. ಹತ್ತುವಾಗ ಏದುಸಿರು ಬರುವುದರಿಂದ ಹೃದಯದ ತೊಂದರೆಯಿರುವವರು ಇಳಿಯದಿರುವುದು ಒಳ್ಳೆಯದು. ಕೆರೆ ತುಂಬದಿದ್ದರೆ ಜಲಪಾತವೂ ಸೊರಗುತ್ತದೆ. ಏಪ್ರಿಲ್‌ನಲ್ಲಿ ಹೋದಾಗ ಅಲ್ಲಿ ಕಂಡದ್ದು ಒಣಬಂಡೆಯೇ. ಮೇ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆಂದು ಹೊರಡುವವರು ಜಲಪಾತದ ಆಸೆಯನ್ನು ಬಿಟ್ಟೇ ಹೊರಡಬೇಕು.

ದಾರಿಯನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಸೇಲಂನಿಂದ 20 ಹೇರ್‌ಪಿನ್ ತಿರುವುಗಳನ್ನು ಹತ್ತಿದರೆ ಯೇರ್ಕಾಡ್ ಸಿಗುವುದರಿಂದ, ಬೆಂಗಳೂರಿನಿಂದ ನಸುಕಿನಲ್ಲೇ ಹೊರಟವರು ಒಂದು ರಾತ್ರಿ ತಂಗಿ ಮೂರನ್ನೂ ಆರಾಮವಾಗಿ ನೋಡಬಹುದು. ಕೊಡೈಕೆನಾಲ್ ಅದರ ಸುಮಾರು ಎರಡರಷ್ಟು ದೂರ. 2024ರ ಮೇ ತಿಂಗಳಿನಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಅಲ್ಲಿಗೆ ಇ-ಪಾಸ್ ಪದ್ಧತಿಯೂ ಬಂದಿದೆ. ಉದ್ಯಾನಕ್ಕಾಗಿಯೇ ಮೂರು ದಿನ ಬಿಡುವು ಮಾಡಿಕೊಳ್ಳಬಲ್ಲವರಿಗೆ ಆ ಪ್ರಯಾಣ ತಕ್ಕುದು. ವಾರಾಂತ್ಯವಷ್ಟೇ ಇರುವವರಿಗೆ, ಹಿಂಗಾರು ಮಳೆಯಿಂದ ಕೆರೆ ತುಂಬಿದ ನವೆಂಬರಿನ ಯೇರ್ಕಾಡನ್ನೇ ನಾನು ಸೂಚಿಸುತ್ತೇನೆ.