ಕೊಲೆಗಾರ ಸಿಕ್ಕಿದ್ದೇ ಎಡವಟ್ಟಾಯ್ತು: ‘ದಿ ಬ್ಲ್ಯಾಕ್ ಡೇಲಿಯಾ’

ನಿಜವಾದ ಕೇಸು ಇಷ್ಟು ಗಟ್ಟಿ ಇದ್ದೂ ಸಿನಿಮಾ ಇಷ್ಟು ಪೊಳ್ಳಾಗಿದ್ದು ಹೇಗೆ? 2006ರಲ್ಲಿ ಬಂದ ಬ್ರಯಾನ್ ಡಿ ಪಾಲ್ಮಾ ಅವರ ‘ದಿ ಬ್ಲ್ಯಾಕ್ ಡೇಲಿಯಾ’ ಬಗ್ಗೆ ಹೇಳ್ತಿದ್ದೇನೆ. ಶಿರಸಿಯಲ್ಲಿ ಮಳೆ ಹಿಡಿದ ಮೇಲೆ ಸಂಜೆ ಹೊರಗೆ ಹೋಗುವ ಮಾತಿಲ್ಲ, ಹಳೇ ಥ್ರಿಲ್ಲರ್ ಹುಡುಕಿ ನೋಡುವುದೇ ಕೆಲಸ. ಅತ್ತಿಗೆ ಹೆಸರು ಕೇಳಿ ‘ಡೇರೆ ಹೂವಿನ ಸಿನಿಮಾವಾ?’ ಅಂತ ಬಂದು ಕೂತರು, ಶವ ಸಿಗುವ ಮುಂಚೆಯೇ ಎದ್ದು ಹೋದರು. ಪುಣ್ಯವಂತರು.

ಮೊದಲು ನಡೆದದ್ದು ಹೇಳ್ತೇನೆ. 1947ರ ಜನವರಿ 15ರ ಬೆಳಿಗ್ಗೆ ಲಾಸ್ ಏಂಜಲೀಸ್‌ನ ಲೀಮರ್ಟ್ ಪಾರ್ಕ್‌ನ ಖಾಲಿ ಸೈಟಿನಲ್ಲಿ 22 ವರ್ಷದ ಎಲಿಜಬೆತ್ ಶಾರ್ಟ್ ಶವ ಸಿಕ್ಕಿತು. ಪೇಪರುಗಳಲ್ಲಿ ‘ಬ್ಲ್ಯಾಕ್ ಡೇಲಿಯಾ’ ಅಂತ ಹೆಸರಾದವಳು ಇವಳೇ. ಸೊಂಟದಲ್ಲಿ ಕತ್ತರಿಸಿ ಎರಡು ತುಂಡು. ಮಗುವಿನ ಜೊತೆ ಹೋಗುತ್ತಿದ್ದ ಹೆಂಗಸೊಬ್ಬಳು ಮೊದಲು ಅಂಗಡಿ ಗೊಂಬೆ ಅಂದುಕೊಂಡಳಂತೆ. ಪೇಪರಿನವರು ಸತ್ತವಳ ತಾಯಿಗೆ ಫೋನ್ ಮಾಡಿ, ನಿಮ್ಮ ಮಗಳು ಸೌಂದರ್ಯ ಸ್ಪರ್ಧೆ ಗೆದ್ದಿದ್ದಾಳೆ ಅಂತ ಸುಳ್ಳು ಹೇಳಿ, ವಿವರ ಎಲ್ಲ ಬಾಯಿಬಿಡಿಸಿ, ಆಮೇಲೆ ಸಾವಿನ ಸುದ್ದಿ ಹೇಳಿದರು. ಆ ಒಂದು ಫೋನ್ ಸಾಕಲ್ವಾ ಒಂದು ಸಿನಿಮಾಕ್ಕೆ? ನಾನೇ ಕೊಂದೆ ಅಂತ ಬಂದವರು ಹತ್ತಾರು ಜನ. ನಿಜವಾಗಿ ಕೊಂದವರು ಇವತ್ತಿಗೂ ಸಿಕ್ಕಿಲ್ಲ.

ಸಿನಿಮಾಕ್ಕೆ ಆಧಾರ ಜೇಮ್ಸ್ ಎಲ್‌ರಾಯ್ ಅವರ 1987ರ ಕಾದಂಬರಿ. ಅವರ ತಾಯಿಯೂ 1958ರಲ್ಲಿ ಕೊಲೆಯಾದವರು, ಆಗ ಹುಡುಗನಿಗೆ 10 ವರ್ಷ, ಆ ಕೇಸೂ ಬಗೆಹರಿಯಲಿಲ್ಲ. ಅಷ್ಟು ಸಂಕಟ ಇಟ್ಟುಕೊಂಡು ಬರೆದ ಕತೆ. ಸಿನಿಮಾದಲ್ಲಿ ಅದರ ಬಿಸಿಯೇ ತಟ್ಟುವುದಿಲ್ಲ. ಇಬ್ಬರು ಪೊಲೀಸರು, ಅವರ ಬಾಕ್ಸಿಂಗ್, ಇಬ್ಬರ ನಡುವೆ ಒಬ್ಬಳು ಸ್ಕಾರ್ಲೆಟ್ ಜೋಹಾನ್ಸನ್, ಇದರಲ್ಲೇ ಕಾಲ ಕಳೆಯುತ್ತೆ. ಜಾಶ್ ಹಾರ್ಟ್‌ನೆಟ್ ಮುಖದಲ್ಲಿ ಮೊದಲಿಂದ ಕೊನೆವರೆಗೆ ಒಂದೇ ಭಾವ. ಹಿಲರಿ ಸ್ವಾಂಕ್ ನೋಡಲು ಥೇಟ್ ಸತ್ತ ಹುಡುಗಿಯ ಹಾಗೇ ಅಂತ ಸಿನಿಮಾದೊಳಗೆ ಎಲ್ಲರೂ ಹೇಳ್ತಾರೆ, ನಮ್ಮ ಕಣ್ಣಿಗೆ ಮಾತ್ರ ಎಲ್ಲಿಂದೆಲ್ಲಿಗೂ ಹೋಲಿಕೆ ಕಾಣುವುದಿಲ್ಲ!

ಒಳ್ಳೇದು ಇಲ್ಲವೇ ಇಲ್ಲ ಅಂತಲ್ಲ. ಶವ ಸಿಗುವ ಶಾಟ್ ನೋಡಿ. ಕ್ಯಾಮೆರಾ ಸುಮ್ನೆ ಕಟ್ಟಡದ ಮೇಲಕ್ಕೆ ಏರುತ್ತೆ, ಆಚೆ ಬಯಲಲ್ಲಿ ಒಬ್ಬಳು ಏನನ್ನೋ ಕಂಡು ಕಿರುಚುತ್ತಾ ಓಡುತ್ತಾಳೆ, ಕ್ಯಾಮೆರಾ ಮಾತ್ರ ಅಲ್ಲಿ ನಿಲ್ಲದೆ ಈಚೆ ರಸ್ತೆಗೆ ಇಳಿದು ಬರುತ್ತೆ, ಇಲ್ಲಿ ನಡೆಯುವ ಗುಂಡಿನ ಚಕಮಕಿಯೇ ಮುಖ್ಯ ಅನ್ನೋ ಹಾಗೆ. ಛಾಯಾಗ್ರಾಹಕ ವಿಲ್ಮೋಸ್ ಸಿಗ್‌ಮಂಡ್ ಅವರಿಗೆ ಆಸ್ಕರ್ ನಾಮನಿರ್ದೇಶನ ಸುಮ್ಮನೆ ಸಿಗಲಿಲ್ಲ. ಆಮೇಲೆ ಕಪ್ಪು ಬಿಳುಪಿನ ಸ್ಕ್ರೀನ್ ಟೆಸ್ಟ್. ಎಲಿಜಬೆತ್ ಆಗಿ ಮಿಯಾ ಕರ್ಶ್‌ನರ್ ಕ್ಯಾಮೆರಾ ಮುಂದೆ ಕೂತು ನಗುತ್ತಾ, ಅಳುಕುತ್ತಾ ಸುಳ್ಳು ಹೇಳ್ತಾಳೆ. ಪ್ರಶ್ನೆ ಕೇಳುವ ದನಿ ಸ್ವತಃ ಡಿ ಪಾಲ್ಮಾ ಅವರದ್ದು. ಈ ಕೆಲವು ನಿಮಿಷ ಬಿಟ್ಟರೆ ಆ ಹುಡುಗಿ ಈ ಸಿನಿಮಾದಲ್ಲಿ ಬರೀ ಹೆಣ, ಅಷ್ಟೇ. ಅವಳದೇ ಹೆಸರಿನ ಸಿನಿಮಾದಲ್ಲಿ!

ಇನ್ನು ಸ್ವಾಂಕ್ ಪಾತ್ರದ ಶ್ರೀಮಂತ ಮನೆಯ ಊಟದ ದೃಶ್ಯ. ಅಲ್ಲಿ ತಾಯಿ ಪಾತ್ರದ ಫಿಯೋನಾ ಶಾ ಅವರ ಅಬ್ಬರ ನೋಡಿದರೆ ಯಕ್ಷಗಾನದಲ್ಲಿ ರಕ್ಕಸ ವೇಷ ಬಂದ ಹಾಗಿದೆ. ಯಕ್ಷಗಾನದಲ್ಲಾದರೆ ಚೆಂಡೆ ಇರುತ್ತೆ, ಒಪ್ಪುತ್ತೆ. ಇಲ್ಲಿ ನಗು ಬರುತ್ತೆ.

ನನ್ನ ದೊಡ್ಡ ತಕರಾರು ಕೊನೆಯ ಭಾಗದ್ದು. ಯಾರು ಅಂತ ಹೇಳಲ್ಲ, ನೋಡುವವರಿಗೆ ಹಾಳಾಗೋದು ಬೇಡ. ಆದರೆ ಜಗತ್ತಿಗೇ ಗೊತ್ತಿಲ್ಲದ ಕೊಲೆಗಾರನನ್ನು ಕಾದಂಬರಿ ಹಾಗೆ ಇವರೂ ಹಿಡಿದುಕೊಡ್ತಾರೆ. ಹಿಡಿಯಲಿ, ಕತೆ ತಾನೇ. ಆದರೆ ಹುಡುಕಿ ಹುಡುಕಿ ಸುಸ್ತಾದ ಮೇಲೆ ಸಿಗಬೇಕು. ಇಲ್ಲಿ ಒಬ್ಬೊಬ್ಬರೇ ಬಂದು ಕಾರಣ, ಸಂಬಂಧ, ಹಳೇ ಪಾಪ ಎಲ್ಲಾ ಗಡಿಬಿಡಿಯಲ್ಲಿ ಒಪ್ಪಿಸಿ ಹೋಗ್ತಾರೆ. ಯಾರ ಅಪ್ಪ ಯಾರು ಅಂತ ಎರಡು ಸಲ ಹಿಂದಕ್ಕೆ ಹಾಕಿ ನೋಡಬೇಕಾಯ್ತು.

ತಮಾಷೆ ಅಂದ್ರೆ ಈ ಪ್ರಾಜೆಕ್ಟ್ ಮೊದಲು ಇದ್ದದ್ದು ಡೇವಿಡ್ ಫಿಂಚರ್ ಕೈಯಲ್ಲಿ. ಅವರು ಇದನ್ನು ಬಿಟ್ಟು 2007ರಲ್ಲಿ ‘ಝೋಡಿಯಾಕ್’ ಮಾಡಿದರು, ಅದೂ ಬಗೆಹರಿಯದ ಕೇಸೇ. ಅಲ್ಲಿ ಕೊನೆಗೂ ಯಾರಿಗೂ ಕೋಳ ಬೀಳುವುದಿಲ್ಲ, ಆದರೂ ಎರಡೂವರೆ ಗಂಟೆ ಕೂತಲ್ಲಿಂದ ಏಳಲು ಮನಸ್ಸಾಗಲ್ಲ. ಬಿಡುವಿದ್ದರೆ ಅದನ್ನೇ ನೋಡಿ.