ಕತ್ತಲ ಖೋಲಿಯಾಗಿನ ಗಿಡಕ್ಕ ಯಾವ ಲೈಟ್, ಗುಲಾಬಿದಾ ಬಿಳೀದಾ?

ಕಲಬುರಗಿ ಬಿಸಿಲಿಗಿ ಕಿಟಕಿ ಮುಚ್ಚಿ ಪರದೆ ಎಳದು ಕೂಡೋದೇ ರೂಢಿ, ಹಂಗಾಗಿ ಹಳೇ ಕಲ್ಲಿನ ಮನಿಯೊಳಗ ಮಧ್ಯಾಹ್ನನೂ ಕತ್ತಲ, ಬಳ್ಳಿ ಉದ್ದಕ ಬೆಳದು ಎಲಿ ಸಣ್ಣ ಆಗ್ತಾವ. ಗುಲಾಬಿ-ನೇರಳೆ ಗ್ರೋ ಲೈಟ್‌ನಾಗ (ಗಿಡ ಬೆಳಸಾಕಂತ ಮಾಡಿದ ದೀಪ) ಗಿಡಕ್ಕ ಬೇಕಾಗೋ ಕೆಂಪು, ನೀಲಿ ಬೆಳಕು ಇರ್ತದ ಖರೆ, ಆದ್ರ ಅದರಾಗ ಕೂತು ಊಟ ಮಾಡಾಕ ಆಗಂಗಿಲ್ರಿ, ಎಲಿ ಕಪ್ಪಗ ಕಾಣ್ತಾವ, ಹಳದಿ ಆದ್ರೂ ಗೊತ್ತಾಗಲ್ಲ. ಬಿಳಿ ಎಲ್‌ಇಡಿಯೊಳಗೂ ಆ ಎರಡೂ ಬಣ್ಣ ಅವ! ಮನಿ ಪ್ಲಾಂಟ್‌ಗೆ 6500 ಕೆ (ಅಂದ್ರ ಹಗಲ ಬೆಳಕಿನಂಥ ಬಿಳಿ ಬಣ್ಣ) ಅಂತ ಬರದಿರೋ 9 ವ್ಯಾಟ್ ಬಲ್ಬ್ ಎಲಿಯಿಂದ ಒಂದಡಿ ಮ್ಯಾಲ ತೂಗು ಹಾಕಿದ್ರ ಸಾಕು, ಛತ್ತಿಗಿ ಹಚ್ಚಿದ್ರ ಉಪಯೋಗಿಲ್ಲ, ದೂರ ಹೆಚ್ಚಾದಂಗ ಬೆಳಕು ಭಾಳ ಲಗೂನ ಇಳೀತದ. ದಿನಕ್ಕ 12 ತಾಸು ಉರಿದ್ರೂ ತಿಂಗಳಿಗಿ ಮೂರು ಯೂನಿಟ್ ಮ್ಯಾಲ ಸ್ವಲ್ಪ, ಅಷ್ಟೇ. ರಾತ್ರಿ ಆರಸ್ರಿ, ಗಿಡಕ್ಕೂ ಕತ್ತಲ ಬೇಕು. ತುಳಸಿಗಿ ಮಾತ್ರ ಎರಡೂ ಬ್ಯಾಡ, ಅಂಗಳದಾಗೇ ಇಡ್ರಿ.